ಇನ್ನೊಂದ್ಸಲ ಮೇಡಂ

ಸರ್ವರ್ ಕೆಲಸ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಆದರೆ ಆ ಕೆಲಸ ಮುಗಿಯುವ ಲಕ್ಷಣವೇ ಕಾಣಿಸುತ್ತಿರಲಿಲ್ಲ.

ಸರ್ವರ್ ಹಾಕಲು ಬಂದಿದ್ದವರು ಕೇಳಿದ್ದು ಹಿಂದಿನ ವಾರ, ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ. ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ಹತ್ತಬೇಕಿದ್ದ ಬಸ್ಸು ಹೋಗಿಯೇಬಿಟ್ಟಿತ್ತು. ನನ್ನ ಬಸ್ಸು ತಿರುವಿನಲ್ಲಿ ಕಂಡಾಗ, ಅದರ ಬೋರ್ಡು ಓದುತ್ತಿರುವವರಂತೆ ಆ ಕಡೆಗೇ ನೋಡುತ್ತ, "ನನ್ನನ್ನ ಮದುವೆ ಆಗ್ತೀರಾ?" ಎಂದರು. ಬೋರ್ಡಿನಲ್ಲೇ ಹಾಗೆ ಬರೆದಿದೆಯೇನೋ ಎಂಬಂತೆ ನಾನೂ ಆ ಕಡೆ ನೋಡಿದೆ.

ನಾನು ಬಸ್ ಹತ್ತಿ ಕಿಟಕಿಯಿಂದ ಉತ್ತರ ಹೇಳಿದೆ. ಅದು ಉತ್ತರವಲ್ಲ, ವಾಯಿದೆ. ಅವರು ತಲೆಯಾಡಿಸಿದರು. ಆ ಸರ್ವರ್ ನಮ್ಮಲ್ಲಿ ಅವರ ಕೊನೆಯ ಕೆಲಸ. ಅದು ಮುಗಿದ ಕೂಡಲೇ ಅವರು ಕಂಪನಿಯ ಬೇರೆ ಊರಿನ ಶಾಖೆಗೆ ಹೋಗಬೇಕಿತ್ತು.

ಅವರು ನಮ್ಮ ಆಸ್ಪತ್ರೆಗೆ ಸರ್ವರ್ ಮಾರಿದ ಕಂಪನಿಯ ಎಂಜಿನಿಯರ್. ನರ್ಸುಗಳು ಅವರಿಗೆ ಇಟ್ಟ ಹೆಸರು ಆಮೆ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಬಟ್ಟೆಯಿಂದ ಒರೆಸಿ, ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಮಲಗಿಸುವವರಿಗೆ ಬೇರೆ ಹೆಸರು ಸಿಗುವುದು ಕಷ್ಟ. ನಾನು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವಳು. ಕೆಲಸ ಕಲಿತದ್ದು ಸಂಜೆ ಕ್ಲಾಸಿನಲ್ಲಿ. ಹಾಗಾಗಿ ಮಾಡಿದ್ದು ಸರಿಯಿದೆಯೋ ಇಲ್ಲವೋ ಎಂಬ ಅಳುಕು ಯಾವಾಗಲೂ ಇದ್ದದ್ದೇ. ಪ್ರಿಂಟರಿಗೆ ಕಾಗದ ಹಾಕಿದರೂ "ಇನ್ನೊಂದ್ಸಲ ನೋಡ್ತೀನಿ" ಎನ್ನುತ್ತೇನೆ. ಅದಕ್ಕೇ ನನ್ನ ಹೆಸರು ಇನ್ನೊಂದ್ಸಲ ಮೇಡಂ.

ಆಮೆಯೂ ಇನ್ನೊಂದ್ಸಲವೂ ಸೇರಿ ಹಾಕುತ್ತಿರುವ ಸರ್ವರ್ ಮೊಮ್ಮಕ್ಕಳ ಕಾಲಕ್ಕೆ ಶುರುವಾಗುತ್ತದೆ ಎಂದು ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಹೇಳಿಕೊಂಡು ತಿರುಗುತ್ತಿದ್ದರು.

ನನ್ನ ಉತ್ತರ ಆಗಲೇ ಸಿದ್ಧವಿತ್ತು. ಬೇಡ ಎನ್ನುವುದು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಹೋದ ವರ್ಷ ನನ್ನ ಅಕ್ಕ ತೀರಿಕೊಂಡಳು. ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ನೀರು ಕೊಟ್ಟೆ, ಬಾಗಿಲಲ್ಲಿ ಚಪ್ಪಲಿಗಳನ್ನು ಜೋಡಿಸಿಟ್ಟೆ. ಇವಳು ಗಟ್ಟಿಗಿತ್ತಿ ಎಂದು ಚಿಕ್ಕಮ್ಮ ಎಲ್ಲರೆದುರು ಹೊಗಳಿದರು. ಅಮ್ಮ ಮಾತ್ರ ನನ್ನ ಮುಖ ನೋಡಿ ಹೆದರಿದಳು. "ಅತ್ತುಬಿಡೇ ಒಂದ್ಸಲ" ಎಂದಳು. ಪ್ರಯತ್ನ ಮಾಡಿದೆ. ಬರಲಿಲ್ಲ.

ಬಹಳ ಹೊತ್ತು ಮಡಚಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಅಂಥದ್ದು ಮೈಯೊಳಗೆಲ್ಲ ಹಿಡಿದಿತ್ತು. ಅಕ್ಕನ ಕಪಾಟಿನಲ್ಲಿ ಅವಳ ಬೂದು ಬಣ್ಣದ ಸ್ವೆಟರ್ ಇದೆ. ದಿನಾ ಕೆಲಸದಿಂದ ಬಂದು ಅದನ್ನು ಹೊರಗೆ ತೆಗೆಯುತ್ತಿದ್ದೆ. ಮೂಗಿಗೆ ಹಿಡಿಯುತ್ತಿದ್ದೆ. ಇವತ್ತಾದರೂ ಏನಾದರೂ ಆಗುತ್ತದೆಯೇ ಎಂದು ಕಾಯುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಮಡಚಿ ಒಳಗಿಡುತ್ತಿದ್ದೆ. ಮರುದಿನ ಇನ್ನೊಂದು ಸಲ.

ಇಂಥವಳು ಒಬ್ಬ ಒಳ್ಳೆಯ ಮನುಷ್ಯನಿಗೆ ಹೂಂ ಎನ್ನುವುದು ಹೇಗೆ? ಖಾಲಿ ಡಬ್ಬಿಯನ್ನು ಚೆನ್ನಾಗಿ ಸುತ್ತಿ ಉಡುಗೊರೆ ಕೊಟ್ಟ ಹಾಗೆ. ಅವರು ಎದುರಿಗೆ ನಕ್ಕಾಗ ಚೆನ್ನಾಗಿ ನಗುತ್ತಾರೆ ಎಂಬುದು ನನಗೆ ತಿಳಿಯುತ್ತಿತ್ತು. ಹೊರಗೆ ಬಿಸಿಲಿದೆ ಎಂದು ಒಳಗೆ ಕೂತವರಿಗೆ ತಿಳಿಯುವ ಹಾಗೆ, ಅಷ್ಟೇ.

ಆ ದಿನ ಸಂಜೆಯೊಳಗೆ ಹೊಸ ಸರ್ವರ್ ಶುರುವಾಗಲೇಬೇಕಿತ್ತು. ಸ್ಕ್ಯಾನ್ ವಿಭಾಗದ ಚಿತ್ರಗಳೆಲ್ಲ ಹಳೆಯ ಮೆಷಿನ್ನಿನಿಂದ ಅದಕ್ಕೆ ಹೋಗಬೇಕು. ಬೆಳಿಗ್ಗೆಯೇ ಇಬ್ಬರೂ ಸರ್ವರ್ ರೂಮಿಗೆ ಹೋದೆವು. ಕಿಟಕಿಯಿಲ್ಲದ ಸಣ್ಣ ಕೋಣೆ, ಏಸಿಯ ಕೊರೆಯುವ ಗಾಳಿ. ನಡುವೆ ಆಳೆತ್ತರದ ಕಬ್ಬಿಣದ ರ‍್ಯಾಕ್. ಅದರ ಹಿಂಭಾಗದಲ್ಲಿ ಮೇಜು, ಸ್ಕ್ರೀನು, ಕೀಬೋರ್ಡು, ಅವರು. ಮುಂಭಾಗದಲ್ಲಿ ಸರ್ವರಿನ ಮುಚ್ಚಳ, ಅದರ ಹಿಂದೆ ಡ್ರಾಯರಿನಂತೆ ಎಳೆಯಬಹುದಾದ ಎರಡು ಡಿಸ್ಕ್, ನಾನು.

ಆ ಎರಡು ಡಿಸ್ಕ್‌ಗಳು ಜೋಡಿ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಕಂಟ್ರೋಲರ್ ಎಂಬ ಕಾರ್ಡು ಅವನ್ನು ಜೋಡಿ ಮಾಡಿ, ಹೊರಗಿನವರಿಗೆ ಒಂದೇ ಎಂದು ತೋರಿಸುತ್ತದೆ. ಅದರ ಮೇಲೆ ಆಪರೇಟಿಂಗ್ ಸಿಸ್ಟಮ್ ಕೂರಿಸಬೇಕು. ಕೇಳಲು ಸುಲಭ.

ಅವರು ಜೋಡಿ ಮಾಡಿ, ಪೆನ್‌ಡ್ರೈವ್ ಹಾಕಿ, ಇನ್‌ಸ್ಟಾಲ್ ಒತ್ತಿ, "ಶುರು" ಎಂದರು. ಹಸಿರು ಪಟ್ಟಿ ಸ್ವಲ್ಪ ದೂರ ಓಡಿತು. ನಿಂತಿತು. ಡಿಸ್ಕ್‌ಗೆ ಬರೆಯಲಾಗುತ್ತಿಲ್ಲ ಎಂಬ ಸಂದೇಶ ಬಂತು. ರೀಸ್ಟಾರ್ಟ್ ಮಾಡಿ ನೋಡಿದರೆ ಕಂಟ್ರೋಲರ್ ಜೋಡಿಯೇ ಇಲ್ಲ ಎಂದಿತು.

ಸಂಜೆ ಕ್ಲಾಸಿನ ಟೀಚರ್ ಒಂದು ವಿಷಯವನ್ನು ನಮ್ಮ ತಲೆಗೆ ಚೆನ್ನಾಗಿ ತುಂಬಿದ್ದರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ಇದನ್ನು ನಾನು ಹೇಳಿದಾಗ ಅವರು ಕೇಬಲ್‌ಗಳ ಸಂದಿಯಿಂದ ನನ್ನ ಕಡೆ ನೋಡಿದರು. ನೀಲಿ ವೈರುಗಳ ನಡುವೆ ಒಂದು ಕಣ್ಣು, ಅರ್ಧ ಕನ್ನಡಕ. ಆ ಟೀಚರನ್ನು ನಮ್ಮ ಕಂಪನಿಗೆ ಕಳಿಸಿಕೊಡಿ ಎಂದರು. ಕಣ್ಣಿನ ಅಂಚು ಮಡಚಿದ್ದರಿಂದ ನಗುತ್ತಿದ್ದಾರೆ ಎಂದುಕೊಂಡೆ. ಬಾಯಿ ಕಾಣುತ್ತಿರಲಿಲ್ಲ.

ಮೊದಲು ಪೆನ್‌ಡ್ರೈವ್ ಬದಲಿಸಿದರು. ಮತ್ತೆ ಜೋಡಿ, ಮತ್ತೆ ಶುರು. ಈ ಸಲ ಪಟ್ಟಿ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು. ಆಮೇಲೆ ಕಂಟ್ರೋಲರಿನ ಕೇಬಲ್. ಈ ಸಲ ಮೊದಲಿಗಿಂತಲೂ ಬೇಗ ನಿಂತಿತು. ಒಂದೇ ಜಾಗದಲ್ಲಿ ನಿಂತಿದ್ದರೆ ಹಿಡಿಯಬಹುದಿತ್ತು. ಅದು ತನಗೆ ತೋಚಿದಲ್ಲಿ ನಿಲ್ಲುತ್ತಿತ್ತು. ಅವರು ತಮ್ಮ ಬ್ಯಾಗಿನಿಂದ ಹೊಸ ಡಿಸ್ಕ್‌ಗಳನ್ನು ತೆಗೆದು ಹಾಕಿದರು. ಅವೂ ಅದೇ ಹಾದಿ ಹಿಡಿದವು.

ದೊಡ್ಡ ಸಿಸ್ಟರ್ ಬಾಗಿಲು ಸರಿಸಿ ಇಣುಕಿದರು. "ಏನು, ಇನ್ನೂ ಆಗ್ಲಿಲ್ವಾ ಹೆರಿಗೆ? ನಮ್ ವಾರ್ಡಲ್ಲಿ ಆಗ್ಲೇ ಅವಳಿ ಜವಳಿ ಆಯ್ತು."

ನನ್ನಿಂದಲೇ ಏನೋ ಆಗಿದೆ ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು. ಎಲ್ಲಿ ಏನು ಕೆಟ್ಟರೂ ನನಗೆ ಆ ಅನುಮಾನ ಇರುತ್ತದೆ, ಆದ್ದರಿಂದ ಅದಕ್ಕೆ ಬೆಲೆ ಕೊಡಲಿಲ್ಲ. ಬದಲಿಗೆ ಇನ್ನೂ ಜೋಪಾನವಾಗಿ ಕೆಲಸ ಮಾಡಿದೆ. ಅವರು ಶುರು ಎಂದ ಕೂಡಲೇ ಮುಚ್ಚಳ ತೆಗೆದು, ಡಿಸ್ಕ್‌ಗಳು ಗಟ್ಟಿಯಾಗಿ ಕೂತಿವೆಯೇ ಎಂದು ನೋಡಿ, ಮುಚ್ಚಳ ಹಾಕುತ್ತಿದ್ದೆ.

ಊಟದ ಹೊತ್ತು ಕಳೆದಿತ್ತು. ಬೆರಳುಗಳು ಚಳಿಗೆ ಮರಗಟ್ಟಿದ್ದವು. ಈ ಸಲ ಅವರು ಏನನ್ನೂ ಬದಲಿಸಲಿಲ್ಲ. ಜೋಡಿ ಮಾಡಿ, ಎಲ್ಲ ಸಿದ್ಧವಿಟ್ಟು, ಈಗ ಬಂದೆ ಎಂದು ಹೊರಗೆ ಹೋದರು. ಬರುವಾಗ ಎರಡು ಕೈಯಲ್ಲಿ ಎರಡು ಪೇಪರ್ ಕಪ್ ಚಹಾ.

ಸರ್ವರ್ ರೂಮಿನೊಳಗೆ ನೀರಿನ ಬಾಟಲಿಯನ್ನೂ ಬಿಡದ ಮನುಷ್ಯ. ಬಾಗಿಲ ಮೇಲಿನ ಸೂಚನೆ ಅಂಟಿಸಿದ್ದೂ ಅವರೇ.

"ಹಿಡ್ಕೊಳ್ಳಿ" ಎಂದರು. ಒಂದನ್ನು ನನ್ನ ಬಲಗೈಗೆ ಕೊಟ್ಟರು. ಆಮೇಲೆ ಇನ್ನೊಂದನ್ನು ಎಡಗೈಗೆ. "ಇದನ್ನೂ. ಎಲ್ಲೂ ಕೆಳಗಿಡಬೇಡಿ, ಚೆಲ್ಲಿದ್ರೆ ಮೆಷಿನ್ ಹೋಗುತ್ತೆ."

ನಾನು ಎರಡೂ ಕಪ್ಪುಗಳನ್ನು ಎದೆಯ ಹತ್ತಿರ ಹಿಡಿದು ಗೊಂಬೆಯಂತೆ ನಿಂತೆ. ಅವರು ಹಿಂದೆ ಹೋಗಿ ಶುರು ಎಂದರು.

ಮುಚ್ಚಳ ತೆಗೆಯಬೇಕು ಅನ್ನಿಸಿತು. ಕೈ ಖಾಲಿಯಿರಲಿಲ್ಲ. ಕಪ್ ಇಡೋಣವೆಂದರೆ ನೆಲದಲ್ಲೆಲ್ಲ ವೈರು. ಅವರನ್ನು ಕರೆಯೋಣವೆಂದರೆ, ಕೀಬೋರ್ಡಿನ ಮೇಲೆ ಬಾಗಿದ್ದವರ ಬೆನ್ನು ಮಾತ್ರ ಕಾಣುತ್ತಿತ್ತು. ಇನ್ನೊಂದು ಸಲ ನೋಡದಿದ್ದರೆ ಏನೋ ಆಗಿಬಿಡುತ್ತದೆ ಎಂಬ ಹಳೆಯ ತಳಮಳವೊಂದೇ ನನ್ನಲ್ಲಿ ಇನ್ನೂ ಜೀವಂತವಾಗಿದ್ದದ್ದು. ಅದನ್ನೇ ಹಿಡಿದುಕೊಂಡು ನಿಂತೆ.

"ಅರ್ಧ ಆಯ್ತು" ಎಂದರು ಆ ಕಡೆಯಿಂದ.

ಅರ್ಧ ಒಮ್ಮೆಯೂ ಆಗಿರಲಿಲ್ಲ. ಏನು ಬದಲಾಯಿತು ಎಂದು ಯೋಚಿಸಿದೆ. ಪೆನ್‌ಡ್ರೈವ್ ಅದೇ. ಕೇಬಲ್ ಅದೇ. ಡಿಸ್ಕ್‌ಗಳೂ ಅವೇ. ಒಂದು ಸಲಕ್ಕೆ ಒಂದೇ. ಕೆಳಗೆ ನೋಡಿದೆ. ಬದಲಾಗಿದ್ದದ್ದು ನನ್ನ ಕೈಗಳು.

ಸಂಜೆ ಕ್ಲಾಸಿನಲ್ಲಿ ನಾವು ಕಲಿತ ಮೆಷಿನ್ ಯಾವಾಗಲೂ ಆಫ್ ಆಗಿರುತ್ತಿತ್ತು. ಡಿಸ್ಕ್ ಹೊರಗೆಳೆದು ಒಳಗೆ ಒತ್ತಿ, ಟಿಕ್ ಎಂದಿತೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳುವುದು ಅಲ್ಲಿಯ ಪಾಠ. ಇಲ್ಲಿ ಮೆಷಿನ್ ಓಡುತ್ತಿತ್ತು. ಪ್ರತಿ ಸಲ ಅವರು ಹಿಂದೆ ಬರೆಯಲು ಶುರುಮಾಡಿದಾಗ, ನಾನು ಮುಂದೆ ಮೊದಲನೆಯ ಡಿಸ್ಕ್ ಎಳೆದು ಒತ್ತಿದ್ದೆ. ಅದು ಮತ್ತೆ ಜೋಡಿಗೆ ಸೇರಿಕೊಳ್ಳುವ ಮೊದಲೇ ಎರಡನೆಯದನ್ನೂ ಎಳೆದಿದ್ದೆ. ಕೆಂಪು ದೀಪ ಹತ್ತಿರಬೇಕು. ಅಷ್ಟರಲ್ಲಿ ಮುಚ್ಚಳ ಹಾಕಿರುತ್ತಿದ್ದೆ.

"ನಾನೇ" ಎಂದೆ. "ಎಲ್ಲಾ ಸಲವೂ ನಾನೇ ಎಳೆದಿದ್ದು."

ಅವರು ರ‍್ಯಾಕ್ ಸುತ್ತಿ ಮುಂದೆ ಬಂದರು. ಬಂದು ಪಕ್ಕದಲ್ಲಿ ನಿಂತರು.

"ಗೊತ್ತು. ಹೊಸ ಡಿಸ್ಕ್ ಹಾಕಿದಾಗ ಸಂದಿಯಿಂದ ನಿಮ್ಮ ಕೈ ಕಾಣಿಸ್ತು."

"ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಒಂದು ತಿಂಗಳು ನಿದ್ದೆ ಮಾಡ್ತಿರ್ಲಿಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಮತ್ತೆ, ಕೆಲಸ ಮುಗಿದ್ಮೇಲೆ ಉತ್ತರ ಹೇಳ್ತೀನಿ ಅಂದಿದ್ರಿ. ನಿಮ್ಮ ಮುಖ ನೋಡಿದ್ರೆ ಉತ್ತರ ಏನು ಅಂತ ಗೊತ್ತಾಗ್ತಿತ್ತು. ಮುಗಿಸೋ ಅವಸರ ನನಗಿರ್ಲಿಲ್ಲ."

ಅವರ ಕಣ್ಣು ಕನ್ನಡಕವಿಲ್ಲದೆ ಸಣ್ಣದಾಗಿ, ದಣಿದಂತೆ ಕಾಣುತ್ತಿತ್ತು. ಎರಡೂ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಆಗ ನಾನು ಹೇಳಬೇಕೆಂದಿದ್ದನ್ನು ಹೇಳಿದೆ. ಅಕ್ಕ ಹೋದಾಗಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ, ಅವರ ಬಗ್ಗೆಯೂ ಅನ್ನಿಸುತ್ತಿಲ್ಲ ಎಂದೆ. ಸ್ವೆಟರಿನ ವಿಷಯ ಹೇಳಿದೆ. ದಿನಾ ತೆಗೆದು ನೋಡಿ ಒಳಗಿಡುವುದನ್ನು ಹೇಳಿದೆ. ಅದನ್ನು ಅಮ್ಮನಿಗೂ ಹೇಳಿರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು, ಮುಚ್ಚಳದ ಕಡೆ ತಿರುಗಿದರು.

"ಎಳೆದು ವಾಪಸ್ ಇಟ್ಟ ಡಿಸ್ಕ್ ಇದೆಯಲ್ಲ, ಅದೇನೂ ಕೆಟ್ಟಿರಲ್ಲ. ಪಕ್ಕದ್ದು ಅದಕ್ಕೆ ಎಲ್ಲಾ ನಿಧಾನಕ್ಕೆ ತುಂಬಿಕೊಡುತ್ತೆ. ಹೊತ್ತು ಹಿಡಿಯುತ್ತೆ ಅಷ್ಟೆ. ಸರಿಯಾಯ್ತಾ ಅಂತ ಮಧ್ಯದಲ್ಲಿ ಎಳೆದು ನೋಡಿದ್ರೆ ಮತ್ತೆ ಮೊದಲಿಂದ ಶುರು."

"ಡಿಸ್ಕ್ ಬಗ್ಗೆ ಹೇಳ್ತಿದ್ದೀರಾ?"

"ಮತ್ತಿನ್ನೇನು? ನನಗೆ ಬೇರೆ ಏನು ಗೊತ್ತು?"

ಬೆರಳ ತುದಿಯಲ್ಲಿ ಸಣ್ಣಗೆ ಜುಮುಜುಮು ಎನ್ನತೊಡಗಿತ್ತು. ಜೋಮು ಬಿಡುವಾಗ ಇರುವೆಗಳು ಓಡಾಡುವ ಹಾಗೆ. ಆಮೇಲೆ ಅಂಗೈ. ಪೇಪರ್ ಕಪ್ ತೆಳ್ಳಗಿತ್ತು, ಚಹಾ ಈಗಷ್ಟೇ ಕುದಿಸಿದ್ದು. ಇಷ್ಟು ಹೊತ್ತು ಅದು ನನಗೆ ತಿಳಿದಿರಲೇ ಇಲ್ಲ.

"ಮುಂದಿನ ಭಾನುವಾರ ಆ ಹೊಸ ಊರಿಂದ ಬನ್ನಿ" ಎಂದೆ. "ಅಮ್ಮನ ಹತ್ರ ಮಾತಾಡಿ. ಅಷ್ಟರವರೆಗೆ ಕಪಾಟು ತೆಗೆಯಲ್ಲ."

ಅವರು ನನ್ನನ್ನೇ ನೋಡಿದರು. "ಕೆಲಸ ಇನ್ನೂ ಮುಗಿದಿಲ್ಲ."

"ಗೊತ್ತು."

ರ‍್ಯಾಕಿನ ಹಿಂದೆ ಸ್ಕ್ರೀನಿನ ಹಸಿರು ಬೆಳಕು ಗೋಡೆಯ ಮೇಲೆ ಬಿದ್ದಿತ್ತು. ಎಷ್ಟಾಯಿತೆಂದು ಇಬ್ಬರೂ ಹೋಗಿ ನೋಡಲಿಲ್ಲ.

"ಕೈ ಸುಡ್ತಾ ಇದೆ" ಎಂದೆ.

ಅವರು ಗಾಬರಿಯಿಂದ ಎರಡೂ ಕೈ ಚಾಚಿದರು. ಆಮೆ ಅಷ್ಟು ಬೇಗ ಏನನ್ನಾದರೂ ಮಾಡಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. "ಕೊಡಿ, ಕೊಡಿ ಇಲ್ಲಿ."

ಕಣ್ಣಲ್ಲಿ ನೀರು ತುಂಬಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಕಪ್ ಮಾತ್ರ ಕೊಟ್ಟೆ.

"ಇನ್ನೊಂದು ಇರಲಿ" ಎಂದೆ. "ಇನ್ನೂ ಸ್ವಲ್ಪ ಹೊತ್ತು ಸುಡಲಿ."