ಸೊಸೆಗೆಂದು ಬಂದ ಚಾಪೆಗಳು

"ಅಯ್ಯೋ ನನ್ನ ಮಗಳೇ... ಇನ್ನು ನಂಗೆ ಕಾಯಿ ತುರಿದು ಕೊಡೋರು ಯಾರೇ... ಗೆಡ್ಡೆ ಬೇಯ್ಸೋಕೆ ಒಲೆಗೆ ಕಲ್ಲು ಕಾಯ್ಸೋರು ಯಾರೇ... ಇದ್ದಷ್ಟು ದಿನ ನಿಂಗೊಂದು ಒಳ್ಳೆ ಮಾತು ಆಡ್ಲಿಲ್ಲವಲ್ಲೇ..."

ಅತ್ತೆ ಫುವಾತಿನೊ ಎದೆ ಬಡಿದುಕೊಂಡು ಅಳುತ್ತಿದ್ದುದು ತೋಟದ ದಾರಿ ಹಿಡಿದಿದ್ದ ಲೆಪೆಕಾಳಿಗೆ ಕೇಳಿಸುತ್ತಲೇ ಇತ್ತು. ಅಳಲಿ ಬಿಡು, ಮನಸ್ಸು ಹಗುರಾಗುತ್ತದೆ ಎಂದುಕೊಂಡು ಅವಳು ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ಸತ್ತವಳು ಹ್ಯಾರಿಯೆಟ್, ಟಿವಿಯಲ್ಲಿ. ಆಸ್ಟ್ರೇಲಿಯಾದ ಯಾವುದೋ ಕುರಿಸಾಕಣೆಯ ಮನೆತನದ ಆ ಹಳೆಯ ಧಾರಾವಾಹಿಯಲ್ಲಿ, ಗಯ್ಯಾಳಿ ಅತ್ತೆಯ ಕೈಕೆಳಗೆ ನವೆದು ನವೆದು, ಜ್ವರ ಬಂದು, ಇವತ್ತು ಮಧ್ಯಾಹ್ನ ಕಣ್ಣು ಮುಚ್ಚಿದ್ದಳು.

ಆ ಕಥೆಯ ಹುಚ್ಚು ಫುವಾತಿನೊಗೆ ಹುಡುಗಿಯಾಗಿದ್ದಾಗಲೇ ಹತ್ತಿದ್ದು. ಆಗ ಊರಿಗೆಲ್ಲ ಪಾದ್ರಿಗಳ ಮನೆಯದೊಂದೇ ಟಿವಿ, ಅರ್ಥ ಹೇಳುತ್ತಿದ್ದವರೂ ಪಾದ್ರಿಗಳೇ. ಅದು ಕಥೆಯ ನಡುವೆ ಕೆಟ್ಟು ಕೂತದ್ದು ಮತ್ತೆ ಬೆಳಗಲೇ ಇಲ್ಲ. ಮುಂದೇನಾಯಿತು ಎಂಬ ಕೊರಗು ಇಟ್ಟುಕೊಂಡೇ ಅವಳು ಮದುವೆಯಾದಳು, ಹೆತ್ತಳು, ಮುದುಕಿಯಾದಳು. ಈ ವರ್ಷ ಆಕ್ಲೆಂಡಿನಲ್ಲಿರುವ ಮಗಳು ಇಡೀ ಕಥೆಯನ್ನು ಡಿಸ್ಕುಗಳಲ್ಲಿ ಕಳಿಸಿದ್ದಳು. ಆದರೆ ಅದು ಇಂಗ್ಲಿಷು. ಮನೆಯಲ್ಲಿ ಇಂಗ್ಲಿಷು ಬಲ್ಲವಳು, ದ್ವೀಪದ ದೊಡ್ಡ ಪೇಟೆ ಅಪಿಯಾದಲ್ಲಿ ಓದಿದ ಸೊಸೆಯೊಬ್ಬಳೇ.

"ಏ ಆಚೆ ಊರಿನವಳೇ, ಬಾ ಇಲ್ಲಿ. ಆ ಮುದುಕಿ ಏನಂದ್ಲು?" ಬೆಳಗಾದರೆ ಇದೇ ಕರೆ. ಮದುವೆಯಾಗಿ ಬಂದಾಗಿನಿಂದ ಫುವಾತಿನೊ ಸೊಸೆಯನ್ನು ಹೆಸರು ಹಿಡಿದು ಕರೆದದ್ದಿಲ್ಲ. ಲೆಪೆಕಾಳೇನು ಕಡಿಮೆಯೇ? ಹ್ಯಾರಿಯೆಟ್ ಸುಮ್ಮನೆ ಕಣ್ಣೊರೆಸಿಕೊಂಡರೆ ಇವಳು ಹೇಳುತ್ತಿದ್ದಳು, "'ಅತ್ತೆ, ನಂಗೂ ಕೈ ಎರಡೇ ಇರೋದು' ಅಂತಿದಾಳೆ." ಫುವಾತಿನೊ ತಲೆದೂಗಿ, "ಸರಿಯಾಗೇ ಅಂದ್ಲು, ಆ ಪಿಶಾಚಿಗೆ ಹಾಗೇ ಆಗ್ಬೇಕು" ಎನ್ನುತ್ತಿದ್ದಳು.

ಲೆಪೆಕಾಳಿಗೆ ಬೇಕಾದದ್ದು ಒಂದೇ. ಬರುವ ಭಾನುವಾರದ ಮಕ್ಕಳ ಹಬ್ಬಕ್ಕೆ ತವರಿಗೆ ಹೋಗಬೇಕು. ಮಗಳು ಪೆಲೆ ಬಿಳಿ ಅಂಗಿ ತೊಟ್ಟು ಇಗರ್ಜಿಯಲ್ಲಿ ಪದ್ಯ ಹೇಳುವುದನ್ನು ತವರಿನ ಅಜ್ಜಿ ಇನ್ನೂ ಒಮ್ಮೆಯೂ ಕೇಳಿರಲಿಲ್ಲ. ಪ್ರತಿ ವರ್ಷ ಒಂದಲ್ಲ ಒಂದು ನೆಪ. ಈ ಸಲ ಅತ್ತೆ, "ಕಥೆ ಮುಗೀಲಿ, ಹೋಗು" ಎಂದುಬಿಟ್ಟಿದ್ದಳು. ಡಿಸ್ಕುಗಳ ಗುಡ್ಡೆ ನೋಡಿದರೆ ಅದು ಪೆಲೆಯ ಮದುವೆಯ ಹೊತ್ತಿಗೆ ಮುಗಿಯುವ ಕಥೆ.

ಕೆಸುವಿನ ಗೆಡ್ಡೆ ಅಗೆದು, ಬುಟ್ಟಿ ತುಂಬಿಕೊಂಡು, ಸಂಜೆ ಪ್ರಾರ್ಥನೆಗೆ ಇನ್ನೂ ಹೊತ್ತಿರುವಾಗಲೇ ಅವಳು ಇಳಿದು ಬಂದಳು. ಮನೆ ಮುಂದೆ ಒಂದು ಲಾರಿ. ಕಪ್ಪು ಬಟ್ಟೆಯ ಜನ. ಹೆಂಗಸರು ಬಿಡಿಸಿ ಹಿಡಿದ, ರೇಷ್ಮೆಯಂಥ ನವಿರು ಚಾಪೆಗಳು... ಸಾವಿನ ಮನೆಗೆ ತರುವ ಚಾಪೆಗಳು. ಕಡಲಿಗೆ ಹೋದ ಗಂಡ ಎತುವಾಲೆ...

ಅಷ್ಟರಲ್ಲಿ ಗುರುತು ಹತ್ತಿತು. ಅಂಗಳದ ನಡುವೆ ಊರುಗೋಲು ಊರಿ ನಿಂತು ಮಾತಾಡುತ್ತಿದ್ದವನು ಅವಳ ಸ್ವಂತ ಸೋದರಮಾವ, ಸಾವು-ಮದುವೆಗಳಲ್ಲಿ ತವರೂರಿನ ಪರವಾಗಿ ಮಾತಾಡುವ ಭಾಷಣದ ಹಿರಿಯ ತಾವಾಗಾ.

"...ನಮ್ಮ ಲೆಪೆಕಾ ನಡೆದ ದಾರೀಲಿ ಹುಲ್ಲೂ ಬಾಗ್ತಿರಲಿಲ್ಲ. ಅಂಥ ಮೆದು ಹೆಜ್ಜೆ. ಇವತ್ತು ಆ ಹೆಜ್ಜೆ ನಿಂತುಹೋಯ್ತು..."

ಲೆಪೆಕಾ ಬುಟ್ಟಿ ಸಮೇತ ಅಲ್ಲೇ ಕುಳಿತುಬಿಟ್ಟಳು. ಹಿರಿಯನು ಕೋಲು ಹಿಡಿದು ಮಾತಾಡುವಾಗ ನಿಂತಿರಬಾರದು, ನಡುವೆ ಬಾಯಿ ಹಾಕಬಾರದು. ತಾವಾಗಾ ಅವಳನ್ನು ಕಂಡ. ದನಿ ಒಮ್ಮೆ ಎಡವಿತು. ಆದರೆ ಶುರುಮಾಡಿದ ಭಾಷಣವನ್ನು ಅರ್ಧಕ್ಕೆ ಬಿಟ್ಟ ಹಿರಿಯ ಆ ವಂಶದಲ್ಲಿ ಹುಟ್ಟಿಲ್ಲ. ಅವಳನ್ನೇ ದಿಟ್ಟಿಸುತ್ತ ಅವಳ ಆತ್ಮವನ್ನು ಸ್ವರ್ಗದ ಬಾಗಿಲವರೆಗೂ ಮುಟ್ಟಿಸಿದ. ಪೆಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ ತಾಯಿ ತೆಉಯಿಲಾ ಮಗಳನ್ನು ನೋಡಿದಳು, ಬಾಯಿ ತೆರೆದಳು, ಅಣ್ಣನ ಮಾತು ಮುಗಿದಿಲ್ಲವೆಂದು ನೆನಪಾಗಿ ಸೆರಗಿನಂತೆ ಚಾಪೆಯ ಅಂಚನ್ನೇ ಬಾಯಿಗೆ ತುರುಕಿಕೊಂಡಳು.

ಭಾಷಣ ಮುಗಿದದ್ದೇ ತಡ, ಓಡಿ ಬಂದು ಮಗಳ ಮುಖ, ತೋಳು, ಬೆನ್ನು ತಡವಿದಳು. "ಬದುಕಿದೀಯಲ್ಲೇ... ಬೆಚ್ಚಗಿದೀಯಲ್ಲೇ ನನ್ನ ಕೂಸೇ..."

"ಅಮ್ಮಾ, ಸತ್ತೆ ಅಂತ ಯಾರು ಹೇಳಿದ್ದು?"

ಎಲ್ಲರೂ ಪಕ್ಕದ ಮನೆಯ ಲೊಸಿವಾಲೆಯತ್ತ ತಿರುಗಿದರು. "ನಾನೇ ಫೋನ್ ಮಾಡಿದ್ದು," ಎಂದಳು ಅವಳು. "ಫುವಾತಿನೊ ಅಕ್ಕ ಹಾಡಿ ಹಾಡಿ ಅಳ್ತಿದ್ರು. ದುಃಖದಲ್ಲಿರೋರನ್ನ ಹೋಗಿ ಯಾರಿಗೆ ಅಳ್ತಿದೀರಿ ಅಂತ ಕೇಳೋಕಾಗುತ್ತಾ?"

"ನನ್ನನ್ನ ಕೇಳಿದ್ರೇನಾಗ್ತಿತ್ತೇ?" ಫುವಾತಿನೊ ರೇಗಿದಳು. ಅತ್ತು ಸುಸ್ತಾಗಿ ಮಲಗಿದ್ದವಳು ಲಾರಿಯ ಸದ್ದಿಗೆ ಎದ್ದಿದ್ದಳು. ಇಷ್ಟು ಜನ ಬಂದಿದ್ದಾರೆಂದರೆ ಯಾರೋ ಹೋಗಿರಬೇಕು, ಯಾರೆಂದು ಕೇಳುವುದು ಮರ್ಯಾದೆಯಲ್ಲ ಎಂದು ತಾನೂ ಅವರ ಜೊತೆ ಅಳುತ್ತ ಕುಳಿತಿದ್ದಳು. ಭಾಷಣದಲ್ಲಿ ಸೊಸೆಯ ಹೆಸರು ಬಂದಾಗ ಬೆಚ್ಚಿದರೂ ನಡುವೆ ಬಾಯಿ ಹಾಕುವಂತಿರಲಿಲ್ಲ. "ನಾನತ್ತಿದ್ದು ಟಿವಿ ಹೆಣ್ಣಿಗೆ, ಆ ಕುರಿ ಮನೆಯವಳಿಗೆ."

ಲೊಸಿವಾಲೆ ಸೊಂಟದ ಮೇಲೆ ಕೈಯಿಟ್ಟಳು. "ಹೌದಾ ಅಕ್ಕಾ? ಕುರಿ ಮನೆಯವಳು ನಿಮಗೆ ಯಾವಾಗ ಕಾಯಿ ತುರಿದುಕೊಟ್ಳು? ನಿಮ್ಮ ಒಲೆಗೆ ಕಲ್ಲು ಕಾಯ್ಸೋಕೆ ಅಲ್ಲಿಂದ ಬರ್ತಿದ್ಲಾ?"

ಫುವಾತಿನೊಳ ಕಣ್ಣು ಸೊಸೆಯ ಮಣ್ಣು ಮೆತ್ತಿದ ಕೈಗಳ ಮೇಲೆ ಹೋಗಿ ನಿಂತಿತು. ಲೆಪೆಕಾ ತಾನೂ ಆ ಕೈಗಳನ್ನು ನೋಡಿಕೊಂಡಳು. ತೋಟದ ದಾರಿಯವರೆಗೂ ಬೆನ್ನಟ್ಟಿದ್ದ ಆ ಅಳು... ಅದು ತನಗಾಗಿಯೇ ಇತ್ತೇ!

ಆದರೆ ಚಾಪೆಗಳು ಬಂದಾಗಿತ್ತು. ಬಂದವರನ್ನು ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಕಳಿಸುವಂತಿಲ್ಲ. ದೊಡ್ಡ ಹಂದಿಯನ್ನೇ ಹಿಡಿಯಬೇಕಾಯಿತು. ಲೆಪೆಕಾ ಅಭ್ಯಾಸಬಲದಿಂದ ಒಲೆಯ ಕಡೆ ಎದ್ದಳು.

"ನೀನು ಕೂತ್ಕೊ," ಫುವಾತಿನೊ ಗದರಿದಳು. "ಸತ್ತೋರು ಎಲ್ಲಾದ್ರೂ ಕೆಲಸ ಮಾಡ್ತಾರಾ? ಲೊಸಿವಾಲೆ, ನೀನು ಬಾ ಕಲ್ಲು ಕಾಯ್ಸೋಕೆ. ಸತ್ತವಳನ್ನ ಹುಡುಕಿಕೊಟ್ಟವಳು ನೀನೇ ತಾನೆ?"

ಕಡಲಿನಿಂದ ಬಂದ ಎತುವಾಲೆಗೆ ಹೆಂಡತಿ ಸತ್ತು ಬದುಕಿದ ಸುದ್ದಿಯನ್ನು ಆರು ಜನ ಒಟ್ಟಿಗೆ ಹೇಳಿದರು. ಅವನು ಮೊದಲು ಅತ್ತು, ಆಮೇಲೆ ಪೂರ್ತಿ ಕೇಳಿಸಿಕೊಂಡು, ಹಂದಿ ಕೊಯ್ಯಲು ಕುಳಿತ.

ಊಟವಾಗಿ ಲಾರಿ ಹೊರಡುವ ಹೊತ್ತಿಗೆ ಫುವಾತಿನೊ ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಹೊರಬಂದಾಗ ಅವಳ ತೋಳಿನ ಮೇಲೆ, ಅವಳಜ್ಜಿ ನೇಯ್ದ, ಹಕ್ಕಿಯ ಕೆಂಪು ಗರಿ ಕಟ್ಟಿದ ಚಾಪೆಯಿತ್ತು. ಅದು ತನ್ನ ಹೆಣಕ್ಕೆ ಹೊದಿಸಲೆಂದು ಇಟ್ಟುಕೊಂಡದ್ದೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಸೊಸೆಯ ಹೆಗಲಿಗೆ ಹೊದಿಸಿದಳು.

"ಅತ್ತೆ, ಇದು ನಿಮ್ದು..."

"ನಂಗೆ ಯಾವ್ದೋ ಒಂದು ಹಳೇ ಚಾಪೆ ಸಾಕು. ಲಾರಿ ಹತ್ತು. ಮಗೂನ ಪದ್ಯ ಅವರಜ್ಜಿ ಕೇಳ್ಲಿ."

"ಮತ್ತೆ ಕಥೆ?"

"ಟಿವಿಗೆ ಬಟ್ಟೆ ಮುಚ್ಚಿಟ್ಟಿರ್ತೀನಿ. ಇಷ್ಟು ವರ್ಷ ಕಾದವಳು ಒಂದು ವಾರ ಕಾಯೋಲ್ವಾ?"

ಲಾರಿ ಅಲುಗಿತು. ತೆಉಯಿಲಾ ಪೆಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗಳ ಮುಂಗೈಯನ್ನು ಬಿಟ್ಟರೆ ಹಾರಿಹೋದಾಳು ಎಂಬಂತೆ ಹಿಡಿದು ಕುಳಿತಿದ್ದಳು. ಫುವಾತಿನೊ ನಾಲ್ಕು ಹೆಜ್ಜೆ ಲಾರಿಯ ಪಕ್ಕದಲ್ಲೇ ಬಂದಳು.

"ಲೆಪೆಕಾ," ಎಂದಳು. ಆ ಹೆಸರು ಅವಳ ನಾಲಿಗೆಗೆ ಹೊಸದು, ಸ್ವಲ್ಪ ತಡವರಿಸಿತು. "ಹಬ್ಬ ಮುಗಿದ ಮೇಲೆ ಬಂದ್ಬಿಡು. ಬರ್ಲಿಲ್ಲ ಅಂದ್ರೆ ನೋಡು, ಮತ್ತೆ ಅಳೋಕೆ ಕೂರ್ತೀನಿ... ಆಗ ನಿಮ್ಮ ಸೋದರಮಾವ ಇನ್ನೊಂದು ಭಾಷಣ ಮಾಡ್ಬೇಕಾಗುತ್ತೆ."