ಇಪ್ಪತ್ತೆರಡು ಹುಕ್ಕಿನ ಪೋಷಾಕು

೧೯೫೫ರ ಫೆಬ್ರವರಿ ೧೨, ಶನಿವಾರ, ಬೆಳಿಗ್ಗೆ ೯:೧೦. ಹೋಟೆಲಿನ ಕ್ಯಾಬರೆ ನರ್ತಕಿ ಮಿಸ್ ರೂಬಿ ಠಾಣೆಗೆ ಬಂದು ತನ್ನ ಪೋಷಾಕು ಕಳುವಾಗಿದೆ ಎಂದಳು. ಎಫ್‌ಐಆರ್‌ನಲ್ಲಿ ಅವಳ ಹೆಸರು ರಾಜೀವಿ, ಊರು ಉಡುಪಿ ಎಂದು ದಾಖಲಾಯಿತು.

"ಹಳೇ ಪೋಷಾಕು ಸಾರ್, ನನ್ನ ಅಳತೆಗೆ ಚಿಕ್ಕದು ಮಾಡಿಸಿದ್ದು. ಏಳಕ್ಕೆ ಶೋ ಉಂಟು. ಅದಿಲ್ಲದಿದ್ದರೆ ಮ್ಯಾನೇಜರ್ ಬೇರೆಯವಳನ್ನು ಕುಣಿಸ್ತಾನೆ. ಮತ್ತೆ ನನ್ನನ್ನು ಕರೀಲಿಕ್ಕಿಲ್ಲ."

ಬೆಳಗಾವಿ ಕಡೆಯ ಇನ್‌ಸ್ಪೆಕ್ಟರ್ ಗದಿಗೆಪ್ಪ ಡ್ರೆಸ್ಸಿಂಗ್ ರೂಮಿನಲ್ಲಿ ಪಂಚನಾಮೆ ಮಾಡಿಸಿದರು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ.

"ಕೀಲಿ ಯಾರ ಹತ್ರ ಅದಾವು?"

"ಒಂದು ನನ್ನಲ್ಲಿ, ಒಂದು ಶೀಲಕ್ಕನಲ್ಲಿ. ಬೆನ್ನಿಗೆ ಇಪ್ಪತ್ತೆರಡು ಹುಕ್ಕು, ಒಬ್ಬರಿಂದ ಆಗುವುದಿಲ್ಲ. ದಿನಾ ಹಾಕುವುದು ಅವರೇ. ಅವರು ಕದಿಯುವವರಲ್ಲ ಸಾರ್."

ಕಾನ್‌ಸ್ಟೆಬಲ್ ಸೀನ ಎರಡು ಗಂಟೆಯವರೆಗೆ ಕದ್ದ ಮಾಲು ಸಿಗುವ ಚೋರ್ ಬಜಾರ್ ಸುತ್ತಿದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಚಿಕ್ಕದು ಮಾಡಿಸಿದ ಪೋಷಾಕು ಮೊದಲು ಯಾರದು ಎಂದು ಗದಿಗೆಪ್ಪ ಮ್ಯಾನೇಜರನ್ನು ಕೇಳಿದ ಮೇಲೆಯೇ ದಾರಿ ಸಿಕ್ಕಿದ್ದು. ಹತ್ತು ವರ್ಷದ ಹಿಂದೆ ಅಲ್ಲಿ ಕುಣಿಯುತ್ತಿದ್ದ ಮಿಸ್ ಶೀಲಾಳದು. ಆಕೆಯೇ ಈಗ ಹುಕ್ಕು ಹಾಕುವ ಶೀಲಾವತಿ.

ಮಾಲು ಗುರುತಿಸಲು ರಾಜೀವಿಯನ್ನೂ ಜೀಪಿನಲ್ಲಿ ಕರೆದೊಯ್ದರು. ಸಯನ್‌ನ ಚಾಳಿನ ತನ್ನ ಮನೆಯಲ್ಲಿ ಶೀಲಾವತಿ ಇರಲಿಲ್ಲ. ಗಂಟು ಹಿಡಿದುಕೊಂಡು ಮೂಲೆಯ ಫೋಟೋ ಸ್ಟುಡಿಯೋಗೆ ಹೋದಳೆಂದು ನೆರೆಯಾಕೆ ಹೇಳಿದಳು.

೪:೨೦. ಸ್ಟುಡಿಯೋದ ಪರದೆಯ ಮುಂದೆ ಶೀಲಾವತಿ ಗರಿ, ಜರಿಯ ಆ ಪೋಷಾಕಿನಲ್ಲಿ ನಿಂತಿದ್ದಳು. ವಯಸ್ಸು ನಲವತ್ತೆರಡು. ಎದುರಿನಿಂದ ಎಲ್ಲ ಸರಿಯಾಗಿತ್ತು. ಬೆನ್ನಿಗೆ ಒಂದು ಹುಕ್ಕೂ ಹಾಕಿರಲಿಲ್ಲ.

"ಯಾಕ ತಗೊಂಡ್ರಿ?"

"ಶೋಕ್ಕಿಂತ ಮೊದಲ ತಿರುಗಿ ಇಡಾಕಿ ಇದ್ದೆ ಸಾಹೇಬ್ರ. ಎಂಟು ವರ್ಷ ಕುಣಿದೆ. ಹೋಟೆಲ್ ಬೋರ್ಡಿನ್ಯಾಗ ಪೇಂಟರ್ ಯಾವಾಕಿದೋ ಮುಖ ಬರೆದಿದ್ದ. ನಂದಂತ ಒಂದು ಫೋಟೋ ಇಲ್ಲ."

"ಕೇಳಿದ್ದರೆ ನಾನು ಕೊಡ್ತಿರಲಿಲ್ವಾ ಶೀಲಕ್ಕ?" ಎಂದಳು ರಾಜೀವಿ.

"ನನ್ನ ಅರಿವಿ ನಾ ಉಟ್ಕೊಳ್ಳಾಕ ಕೇಳಬೇಕೇನ ತಂಗಿ?"

ರಾಜೀವಿ ಶೀಲಾವತಿಯ ಹಿಂದೆ ಹೋದಳು. ಹುಕ್ಕುಗಳು ಕೂಡಲಿಲ್ಲ. ಎರಡೂ ಅಂಚನ್ನು ಕೈಯಲ್ಲಿ ಎಳೆದು ಹಿಡಿದು, ಗರಿಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಳು.

"ತೆಗೀರಿ," ಎಂದಳು ಫೋಟೋದವನಿಗೆ.

ಸೀನ ಸಾಹೇಬರ ಮುಖ ನೋಡಿದ. ಗದಿಗೆಪ್ಪ ಬೀದಿಯ ಕಡೆ ತಿರುಗಿ ನಿಂತರು.

ಬಂಧನದ ವೇಳೆ ೪:೩೫ ಎಂದು ಬರೆದರು. ಅದಕ್ಕೆ ಮೊದಲಿನ ಹದಿನೈದು ನಿಮಿಷ ಕೇಸ್ ಡೈರಿಯಲ್ಲಿ ಇಲ್ಲ. ಕೋರ್ಟು ಕೇಳಿದಾಗ ತಂದೊಪ್ಪಿಸುತ್ತೇನೆಂದು ರಾಜೀವಿಯಿಂದ ಮುಚ್ಚಳಿಕೆ ಬರೆಸಿಕೊಂಡು ಪೋಷಾಕನ್ನು ಅವಳಿಗೆ ಕೊಟ್ಟರು.

ಜೀಪು ಹತ್ತುವಾಗ ಶೀಲಾವತಿ ಒಮ್ಮೆ ತಿರುಗಿದಳು.

"ಏಳಕ್ಕ ಹುಕ್ಕು ಹಾಕಾಕ ಯಾರನ್ನರ ಕರಕೋ ತಂಗಿ. ಹನ್ನೊಂದನೇದು ಸಡಿಲ ಐತಿ."