ನೊಲಂಗಳನ್ನು ಕರೆದ ದನಿ

ಆಗಸ್ಟ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಎಲ್ಸಾಬೆ ಕ್ರಿಟ್ಸಿಂಗರ್ ಎಂಶಿನಿ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅರವತ್ತೊಂದು ವರ್ಷದ ವಿಧವೆ. ಜುಲು ನಾಡಿನ ಉತ್ತರದಲ್ಲಿದ್ದ ತಮ್ಮ ದನದ ಹುಲ್ಲುಗಾವಲಿಗೆಲ್ಲ ಬೇಲಿ ಹಾಕಿಸಿ ಖಡ್ಗಮೃಗ ಸಾಕಿದವರು.

"ಹದಿನಾಲ್ಕಿದ್ದವು. ಹದಿಮೂರು ಅಂತ ಬರೀರಿ," ಅಂದರು. "ನಿನ್ನೆ ಸಂಜೆ ನೊಲಂಗಳನ್ನ ಕೊಂದಿದ್ದಾರೆ. ಕೊಂಬಿಲ್ಲ."

ಇನ್‌ಸ್ಪೆಕ್ಟರ್ ದುಮಝಿಲೆ ಮ್ಯೆಝ ತಾವೇ ಕೂತು ಎಫ್‌ಐಆರ್ ಬರೆದುಕೊಂಡರು.

"ಯಾರ ಮೇಲೆ ಅನುಮಾನ?"

"ಹೋದ ವರ್ಷ ಎರಡು ಹೋದವು, ಬೇಲಿ ಕತ್ತರಿಸಿ ಬಂದಿದ್ರು. ಈ ಸಲ ಬೇಲಿ ಎಲ್ಲೂ ಕಡಿದಿಲ್ಲ. ಒಳಗಿನವನೇ."

"ನಿಮಗೇನು ಆತುರ?"

"ಶುಕ್ರವಾರ ಅಕ್ಕಪಕ್ಕದ ಜಮೀನಿನವರು ಸಭೆ ಸೇರ್ತಾರೆ. ನಮ್ಮ ನಡುವಿನ ಬೇಲಿ ಕಿತ್ತು ಎಲ್ಲ ಒಂದೇ ಕಾಡು ಮಾಡ್ಕೊಂಡಿದ್ದೀವಿ. ನೀರಿರೋದು ಅವರ ಪಾಲಲ್ಲಿ. ಒಳಗಿನ ಕಳ್ಳ ಸಿಗದಿದ್ರೆ ನಡುವೆ ಮತ್ತೆ ಬೇಲಿ ಎಬ್ಬಿಸ್ತಾರೆ. ಆಮೇಲೆ ಉಳಿದವನ್ನ ಮಾರೋದೊಂದೇ ದಾರಿ ಅಂತಾರೆ."

"ಮಾರ್ತೀರಾ?"

"ಮಾರೋಕೆ ಸಾಕಿಲ್ಲ."

ಒಂಬತ್ತು ನಲವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ನೊಲಂಗ ಮೊಣಕಾಲೂರಿ ಮುಂದಕ್ಕೆ ಬಿದ್ದಿದ್ದಳು, ನಮಸ್ಕಾರಕ್ಕೆ ಬಾಗಿದವಳ ಹಾಗೆ. ಹಣೆಯಲ್ಲಿ ಒಂದೇ ಗುಂಡು. ಕಾನ್‌ಸ್ಟೇಬಲ್ ಖೆಥಾನಿ ಹೆಜ್ಜೆಗುರುತು ಓದುವುದರಲ್ಲಿ ಗಟ್ಟಿಗ. ಅವನು ಹುಲ್ಲಿನ ಮೇಲೆ ಎರಡು ಸಲ ಹೋಗಿ ಬಂದ.

"ಹೊಡೆದವನು ನಿಂತ ಜಾಗ ಬಿಟ್ಟು ಅಲ್ಲಾಡಿಲ್ಲ ಮೇಡಂ. ಅವಳೇ ನಡೆದುಕೊಂಡು ಬಂದಿದ್ದಾಳೆ. ಒಂಬತ್ತು ಹೆಜ್ಜೆ ದೂರದ ತನಕ."

"ಮನುಷ್ಯರ ವಾಸನೆ ಹತ್ತಲಿಲ್ಲವಾ?"

"ನಿನ್ನೆ ಗಾಳಿ ಬೀಸಿದ್ದೇ ಇವನ ಕಡೆಯಿಂದ. ವಾಸನೆ ಹತ್ತಿಯೂ ಬಂದಳು. ನಮ್ಮತ್ತೆ ನನ್ನನ್ನ ಕಂಡು ಇಷ್ಟು ಪ್ರೀತಿಯಿಂದ ಎಂದೂ ಬಂದಿಲ್ಲ."

ಹುಲ್ಲಿನಲ್ಲಿ ಒಂದು ಖಾಲಿ ತೋಟಾ ಸಿಕ್ಕಿತು. ಅಂಥ ತೋಟಾ ಹಿಡಿಯುವ ಬಂದೂಕು ಎಲ್ಸಾಬೆಯವರ ಶಸ್ತ್ರಕೋಣೆಯಲ್ಲಿ ನಾಲ್ಕು. ಸೋಮವಾರ ನಾಲ್ಕೂ ಹೊರಗೆ ಹೋಗಿದ್ದವು, ನಾಲ್ವರು ಕಾವಲುಗಾರರ ಹೆಗಲ ಮೇಲೆ. ಬಂದೂಕುಗಳನ್ನು ಜಪ್ತಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿಗೆ ಮೂರು ವಾರ ಬೇಕು ಎಂಬ ಉತ್ತರ ಬಂತು. ಶುಕ್ರವಾರಕ್ಕೆ ಮೂರೇ ದಿನ.

ಆ ಕಾಡಿನಲ್ಲಿ ಒಂದು ಪದ್ಧತಿ ಉಂಟು. ತಾಯಿ ಸತ್ತ ಮರಿಯನ್ನು ಬಾಟಲಿ ಹಾಲಿನಲ್ಲಿ ಬೆಳೆಸುವವನು ಅದಕ್ಕೊಂದು ಬಿರುದಾವಳಿ ಕಟ್ಟುತ್ತಾನೆ. ಮನೆತನದ ಹಿರಿಯರನ್ನು ಹೊಗಳುವ ಹಾಗೆಯೇ. ದೂರದಿಂದಲೇ ಅದನ್ನು ಹೇಳುತ್ತ ಹೋದರೆ, ಕಣ್ಣು ಮಂದವಾದ ಪ್ರಾಣಿಗೆ ಬರುತ್ತಿರುವವರು ತನ್ನವರೆಂದು ತಿಳಿಯುತ್ತದೆ. ನೊಲಂಗ ಬಾಟಲಿ ಹಾಲಿನವಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮ್ಯೆಝ ಕಾವಲುಗಾರರನ್ನು ಒಬ್ಬೊಬ್ಬರಾಗಿ ಮೇವಿನ ಕೊಟ್ಟಿಗೆಗೆ ಕರೆಸಿದರು. ಮೊದಲು ಬಂದದ್ದು ಎಲ್ಲರಿಗಿಂತ ಹಿರಿಯ, ಭೆಕೊಕ್ವಾಖೆ.

"ನೊಲಂಗಳ ಬಿರುದು ಹೇಳು, ಅಣ್ಣ."

"ಪೊಲೀಸರು ಈಗ ಹಾಡಿನ ಮೇಲೂ ಕೇಸು ಹಾಕ್ತಾರಾ?"

"ರಾಗ ತಪ್ಪಿದ್ರೆ ಹಾಕ್ತೀವಿ."

ಮುದುಕ ಟೋಪಿ ತೆಗೆದ. ನಗು ಹೋಯಿತು. ಎದೆ ಮೇಲೆ ಕೈಯಿಟ್ಟು ಹೇಳಿದ:

"ಹಗಲಿನ ಮಗಳೇ, ನಡೆಯುವ ಗುಡ್ಡವೇ,
ಹಾಲಿನ ವಾಸನೆಗೆ ಬಾಗಿಲ ಮುರಿದವಳೇ,
ತಾಯಿಯ ಕೊಂದವರ ಕಣ್ಣಿನ ಮುಂದೆಯೇ
ಬೆಳೆದು ನಿಂತವಳೇ, ಬಾ."

ಮ್ಯೆಝ ತಲೆ ತಗ್ಗಿಸಿ ಕೇಳಿದರು. ಎರಡನೆಯವನೂ ಮೂರನೆಯವನೂ ಅದನ್ನೇ ಹೇಳಿದರು.

ನಾಲ್ಕನೆಯವನು ಮ್ಪಿಕೆಲೆಲಿ ಮ್ತಿಯಾನೆ. ವಯಸ್ಸು ನಲವತ್ತಾರು. ಆರು ವರ್ಷದ ಹಿಂದೆ ನೊಲಂಗಳಿಗೆ ಹಾಲು ಕುಡಿಸಿದವನು, ಆ ಸಾಲುಗಳನ್ನು ಕಟ್ಟಿದವನು.

"ಹೇಳು."

"ಮರೆತುಹೋಯ್ತು ಮೇಡಂ."

"ಕಲಿತವರಿಗೆ ನೆನಪಿದೆ, ಕಟ್ಟಿದವನಿಗೆ ಮರೆತುಹೋಯ್ತಾ?"

ಮ್ಯೆಝ ಬೆಳೆದ ಮನೆಯಲ್ಲಿ ಒಂದು ನೇಮವಿತ್ತು: ಜೀವ ತೆಗೆದವನು ಶುದ್ಧಿ ಮಾಡಿಕೊಳ್ಳುವ ತನಕ ಸತ್ತವರ ಬಿರುದನ್ನು ನಾಲಿಗೆಯ ಮೇಲೆ ತರುವುದಿಲ್ಲ. ಸುಳ್ಳು ಹೇಳುವವನೂ ಅದೊಂದನ್ನು ಮೀರಲು ಹೆದರುತ್ತಾನೆ.

"ಶುದ್ಧಿ ಆಗಿದೆಯಾ, ಮ್ತಿಯಾನೆ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಇಲ್ಲ," ಅಂದ. "ಕೊಂಬು ತೋರಿಸ್ತೀನಿ, ಬನ್ನಿ."

ಹನ್ನೆರಡೂ ಕಾಲಿಗೆ ಎರಡನೆಯ ಪಂಚನಾಮೆ. ಎಲ್ಸಾಬೆಯವರ ಬೇಲಿಯೊಳಗೇ, ಉತ್ತರದ ಅತ್ತಿಮರದಡಿ ಮ್ತಿಯಾನೆಯ ಹಿರಿಯರ ಸಮಾಧಿಗಳಿದ್ದವು, ಬರೀ ಕಲ್ಲುಗುಪ್ಪೆಗಳು. ಒಂದರ ಮೇಲೆ ಎರಡೂ ಕೊಂಬುಗಳು. ಮಾರಲು ಅವನು ಯಾರನ್ನೂ ಹುಡುಕಿರಲಿಲ್ಲ.

ಎಲ್ಸಾಬೆ ಜೀಪಿನಿಂದ ಇಳಿದು ಬಂದರು. "ಯಾಕೋ?" ಅಂದರು, ಅಷ್ಟೇ.

"ಮೇ ತಿಂಗಳಲ್ಲಿ ನಮ್ಮಮ್ಮ ಡರ್ಬನ್ ಆಸ್ಪತ್ರೇಲಿ ಸತ್ತಳಲ್ಲ. ನಮ್ಮ ಪದ್ಧತಿಯಂತೆ ಅವಳ ಆತ್ಮಾನ ಮುಳ್ಳಿನ ಕೊಂಬೆಯಲ್ಲಿ ಕೂರಿಸಿಕೊಂಡು ಬಂದೆ, ಇಲ್ಲಿ ಅವರಪ್ಪನ ಹತ್ತಿರ ಬಿಡೋಣ ಅಂತ. ದಾರಿ ಉದ್ದಕ್ಕೂ ಅವಳ ಜೊತೆ ಬಿಟ್ಟು ಇನ್ನೊಬ್ಬರ ಜೊತೆ ಮಾತಾಡೋ ಹಾಗಿಲ್ಲ. ಬಸ್ಸಿನವನಿಗೂ ಗೊತ್ತು, ಅವಳಿಗೂ ಒಂದು ಸೀಟು ಕೊಟ್ಟ. ನಿಮ್ಮ ಗೇಟಿನ ಹೊಸ ಕಾವಲಿನವರು ನೆಲಕ್ಕೆ ಮಲಗಿಸಿ ಹೆಸರು ಹೇಳು, ಹೆಸರು ಹೇಳು ಅಂದ್ರು. ಹೇಳಿಬಿಟ್ಟೆ. ಕೊಂಬೆ ಮುರಿದು ಚರಂಡಿಗೆ ಎಸೆದ್ರು. ಅಮ್ಮ ಇವತ್ತಿಗೂ ಅಲ್ಲೇ ಗೇಟಿನಾಚೆ ನಿಂತಿದ್ದಾಳೆ. ಒಂದು ಸತ್ರೆ ಉಳಿದವನ್ನ ಮಾರ್ತೀರಿ, ಖಡ್ಗಮೃಗ ಹೋದ್ರೆ ಗೇಟೂ ಹೋಗುತ್ತೆ ಅಂದ್ಕೊಂಡೆ."

"ನನಗೊಂದು ಮಾತು ಹೇಳಬಹುದಿತ್ತು."

"ನನ್ನ ಅಜ್ಜನ ಹತ್ತಿರ ಹೋಗೋಕೆ ನಿಮ್ಮ ಅಪ್ಪಣೆ ಕೇಳಬೇಕಿತ್ತಾ, ಅಮ್ಮಾ?"

ಎಲ್ಸಾಬೆಯವರ ಮುಖ ಕೆಂಪಾಯಿತು. "ಆ ಕಾವಲಿನವರನ್ನ ಇವತ್ತೇ ಕಳಿಸ್ತೀನಿ," ಅಂದರು. "ಗೋರಿಗೆ ಬರೋರನ್ನ ಇನ್ನು ಯಾರೂ ತಡೆಯಲ್ಲ. ಆದರೆ ಕೇಳಿಸಿಕೋ, ಹದಿಮೂರರಲ್ಲಿ ಒಂದೂ ಇಲ್ಲಿಂದ ಕದಲಲ್ಲ. ಶುಕ್ರವಾರ ನೆರೆಯವರ ಮುಖಕ್ಕೂ ಇದನ್ನೇ ಹೇಳ್ತೀನಿ."

ಒಂದು ಗಂಟೆ ಐದು ನಿಮಿಷಕ್ಕೆ ಬಂಧನ ದಾಖಲಾಯಿತು. ಠಾಣೆಯಲ್ಲಿ ಖೆಥಾನಿ ಹೇಳಿಕೆ ಬರೆದುಕೊಂಡ.

"ನೊಲಂಗಳನ್ನ ಕರೆದಿದ್ದು ಯಾಕೆ? ದೂರದಿಂದಲೇ ಹೊಡೆಯಬಹುದಿತ್ತು."

"ಬರದೇ ಇದ್ದಿದ್ರೆ ವಾಪಸ್ ಹೋಗ್ತಿದ್ದೆ," ಅಂದ ಮ್ತಿಯಾನೆ.

"ಪಶ್ಚಾತ್ತಾಪ ಇದೆ ಅಂತ ಬರೀಲಾ?" ಮ್ಯೆಝ ಕೇಳಿದರು. "ನ್ಯಾಯಾಲಯ ಅದನ್ನೂ ನೋಡುತ್ತೆ."

"ನೊಲಂಗಳ ವಿಷಯಕ್ಕೆ ಇದೆ ಅಂತ ಬರೀರಿ. ಗೇಟಿನ ವಿಷಯಕ್ಕೆ ಇಲ್ಲ. ಎರಡನ್ನೂ ಒಂದೇ ಸಾಲಲ್ಲಿ ಸೇರಿಸಬೇಡಿ."

ಮ್ಯೆಝ ಎರಡು ಸಾಲಾಗಿಯೇ ಬರೆಸಿದರು. ಅವನು ಓದಿ ನೋಡಿ, ಕೆಳಗೆ ಸಹಿ ಹಾಕಿದ.